ಓದುಗರ ಪ್ರಶ್ನೆ, ನಮ್ಮ ಉತ್ತರ: ಮೊಮ್ಮಕ್ಕಳು ಬಂದಾಗಿನ ಯುಗಾದಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅಜ್ಜ-ಅಜ್ಜಿಯರವು. ಹೋಳಿಗೆಯ ಬಗ್ಗೆ ಬಂದವೇ ಹೆಚ್ಚು, ಆ ಉತ್ತರಕ್ಕೆ ಜಾಗವನ್ನೂ ಹೆಚ್ಚು ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಕಡೆ ಬೇವಿನ ಮರವೇ ಅಪರೂಪ. ಕಳೆದ ವರ್ಷ ಪಕ್ಕದವರ ಜಮೀನಿನಿಂದ ತಂದ ಸೊಪ್ಪನ್ನು ಬೆಲ್ಲದ ಜೊತೆ ಕೊಟ್ಟರೆ ಮೊಮ್ಮಕ್ಕಳು ಮೂವರೂ ಉಗುಳಿದರು. ದೊಡ್ಡವಳು, "ಅಮ್ಮಮ್ಮ, ಇದು ಬೇವೇ ಅಲ್ಲ" ಅಂದಳು. ಬೇವು-ಬೆಲ್ಲದ ಸರಿಯಾದ ಅಳತೆ ಏನು?
– ಶಿರಸಿ ತಾಲೂಕಿನ ಓದುಗರು

ಮೊಮ್ಮಗಳು ಹೇಳಿದ್ದು ಸರಿಯಿದ್ದೀತು. ಬೇವು ಒಣ ಹವೆಯ ಮರ. ಮುಂಡಗೋಡ, ಹಳಿಯಾಳದ ಕಡೆ ಚೆನ್ನಾಗಿ ಬರುತ್ತದೆ, ಘಟ್ಟದ ಮಳೆಯಲ್ಲಿ ಸೊರಗುತ್ತದೆ. ಜಮೀನಿನಲ್ಲಿ ಸಾಲಾಗಿ ನೆಟ್ಟ, ನೆಟ್ಟಗೆ ಎತ್ತರ ಹೋದ ಮರವಾದರೆ ಅದು ಬಹುತೇಕ ಹೆಬ್ಬೇವು. ಪ್ಲೈವುಡ್ಡಿಗೆಂದು ಬೆಳೆಸುವ ಮರ ಅದು, ತಿನ್ನುವುದಕ್ಕಲ್ಲ. ಗುರುತಿಸುವುದು ಸುಲಭ. ಬೇವಿನಲ್ಲಿ ಒಂದೇ ಕಡ್ಡಿಯ ಎರಡೂ ಬದಿಗೆ ಎಲೆಗಳಿರುತ್ತವೆ. ಪ್ರತಿ ಎಲೆ ಕುಡುಗೋಲಿನಂತೆ ಬಾಗಿ, ಅಂಚಿನಲ್ಲಿ ಗರಗಸದ ಹಲ್ಲು ಇರುತ್ತದೆ. ಹೆಬ್ಬೇವಿನಲ್ಲಿ ಕಡ್ಡಿಯಿಂದ ಮತ್ತೆ ಕಡ್ಡಿ ಒಡೆದು, ಆ ಕವಲುಗಳಲ್ಲಿ ಎಲೆ ಇರುತ್ತದೆ. ಹೂವು ನೇರಳೆ ಬಣ್ಣಕ್ಕೆ ತಿರುಗಿದ್ದರೆ ಮುಟ್ಟಲೇ ಬೇಡಿ. ಬೇವಿನ ಹೂ ಬಿಳಿ, ಸಣ್ಣದು, ಜೇನಿನ ಪರಿಮಳದ್ದು. ನೇರಳೆ ಹೂವಿನ ಜಾತಿಯ ಕಾಯಿ ವಿಷಕಾರಿ, ಮಕ್ಕಳು ಆಟಕ್ಕೆಂದು ಬಾಯಿಗೆ ಹಾಕಿಕೊಳ್ಳುವುದೂ ಅದನ್ನೇ. ಸಂಶಯ ಬಂದರೆ ಹಬ್ಬದ ಹಿಂದಿನ ದಿನ ಪೇಟೆಯಲ್ಲಿ ಮಾರುವ ಕಟ್ಟು ತನ್ನಿ. ಅದರಲ್ಲೂ ಎಲೆಯ ಜೋಡಣೆ ನೋಡಿಯೇ ಕೊಳ್ಳಿ.

ಇನ್ನು ಉಗುಳಿದ್ದಕ್ಕೆ ಕಾರಣ ಬಲಿತ ಎಲೆ. ಯುಗಾದಿಯ ದಿನ ಹೇಳುವ ಶ್ಲೋಕದಲ್ಲಿ 'ನಿಂಬಕಂದಳ ಭಕ್ಷಣಂ' ಎಂದಿದೆ. ಕಂದಳ ಅಂದರೆ ಚಿಗುರು. ಕೆಂಪು ಮಿಶ್ರಿತ ಎಳೆ ಚಿಗುರು ಅಥವಾ ಹೂ, ಎರಡರಲ್ಲಿ ಒಂದನ್ನು ಬಳಸಿ. ಯುಗಾದಿ ಮಾರ್ಚ್ ನಡುವಿಗೆ ಬಂದ ವರ್ಷ ಹೂ ಬಿಟ್ಟಿರುವುದಿಲ್ಲ, ಆಗ ಚಿಗುರೇ ಗತಿ. ಹಿಂದಿನ ವರ್ಷದ ಹೂವನ್ನು ನೆರಳಲ್ಲಿ ಒಣಗಿಸಿ ಡಬ್ಬಿಯಲ್ಲಿ ಇಟ್ಟುಕೊಂಡವರಿಗೆ ಈ ತೊಂದರೆ ಇಲ್ಲ. ಅದನ್ನು ಅರ್ಧ ಚಮಚ ತುಪ್ಪದಲ್ಲಿ ಗರಿಗರಿ ಹುರಿದರೆ ಕಹಿ ಅರ್ಧಕ್ಕೆ ಇಳಿಯುತ್ತದೆ.

ಆರು ಮಂದಿಗೆ ಅಳತೆ: ಪುಡಿ ಬೆಲ್ಲ ನಾಲ್ಕು ದೊಡ್ಡ ಚಮಚ, ಹೂವಾದರೆ ಎರಡು ಸಣ್ಣ ಚಮಚ, ಚಿಗುರಾದರೆ ಏಳೆಂಟು ಎಲೆ, ಬಹಳ ಸಣ್ಣಗೆ ಹೆಚ್ಚಿದ್ದು. ಬಯಲುಸೀಮೆಯವರಂತೆ ಎರಡು ದೊಡ್ಡ ಚಮಚ ಹುರಿಗಡಲೆ ಪುಡಿ, ಒಂದು ಚಮಚ ತುಪ್ಪ ಸೇರಿಸಿ ಕಡಲೆಕಾಳಿನ ಗಾತ್ರದ ಉಂಡೆ ಕಟ್ಟಿದರೆ ಮಕ್ಕಳು ಗೊಣಗದೆ ತಿನ್ನುತ್ತಾರೆ. ಕಹಿ ಗೊತ್ತಾಗದ ಹಾಗೆ ಮುಚ್ಚಿಬಿಡುವುದು ಮಾತ್ರ ನಮಗೆ ಸರಿ ಕಾಣುವುದಿಲ್ಲ. ಆಮೇಲೆ ಉಳಿಯುವುದು ಬರೀ ಬೆಲ್ಲ. ಉಂಡೆ ಸಣ್ಣದಿರಲಿ, ಕಹಿ ಇರಲಿ, ಬೇಡ ಎಂದ ಮಗುವಿಗೆ ಒತ್ತಾಯ ಬೇಡ.

ಒಂದು ವರ್ಷದೊಳಗಿನ ಕೂಸಿಗೆ ಏನನ್ನೂ ನೆಕ್ಕಿಸಬೇಡಿ. ಪಂಚಾಮೃತದ ಜೇನುತುಪ್ಪವಂತೂ ಆ ವಯಸ್ಸಿಗೆ ಅಪಾಯ, ಅದರಲ್ಲಿರಬಹುದಾದ ಸೂಕ್ಷ್ಮಾಣು ಕೂಸಿನ ಕರುಳಿನಲ್ಲಿ ವಿಷ ಉಂಟುಮಾಡಬಲ್ಲದು. ಬೇವಿನ ಎಣ್ಣೆಯನ್ನು 'ಹುಳಕ್ಕೆ ಒಳ್ಳೆಯದು' ಎಂದು ಕುಡಿಸುವ ಪದ್ಧತಿ ಕೆಲವೆಡೆ ಇನ್ನೂ ಇದೆ. ಅದು ಸಣ್ಣ ಮಕ್ಕಳ ಜೀವಕ್ಕೇ ಕುತ್ತು ತಂದದ್ದುಂಟು. ಬೇಡವೇ ಬೇಡ.

ಪ್ರಶ್ನೆ: ನಮ್ಮ ಮನೆಯಲ್ಲಿ ಆಲೆಮನೆಯ ಜೋನಿ ಬೆಲ್ಲ ಕೊಡಗಟ್ಟಲೆ ಇದೆ. ಅದನ್ನೇ ಹಾಕಿ ಹೋಳಿಗೆ ಮಾಡಿದರೆ ಹೂರಣ ಪಾಯಸದ ಹಾಗೆ ಆಗುತ್ತದೆ. ಈ ಬಾರಿ ಮೊಮ್ಮಕ್ಕಳಿಗೂ ಕಲಿಸಬೇಕೆಂದಿದ್ದೇನೆ. ಅವರು ಮಾಡಿದ್ದು ಕಾವಲಿಯ ಮೇಲೆ ಒಡೆಯಬಾರದು.
– ಕುಮಟಾ ಹತ್ತಿರದ ಓದುಗರು

ಹೂರಣಕ್ಕೆ ಜೋನಿ ಬೆಲ್ಲ ಬೇಡ. ಕಬ್ಬಿನ ಹಾಲು ಗಟ್ಟಿಯಾಗುವ ಮೊದಲೇ ಕೊಪ್ಪರಿಗೆ ಇಳಿಸಿದರೆ ಜೋನಿ, ಇನ್ನಷ್ಟು ಕಾಯಿಸಿ ಅಚ್ಚಿಗೆ ಹೊಯ್ದರೆ ಅಚ್ಚುಬೆಲ್ಲ. ಅಂದರೆ ಜೋನಿಯಲ್ಲಿ ಉಳಿದ ನೀರನ್ನು ನೀವು ಬಾಣಲೆಯಲ್ಲಿ ಆರಿಸಬೇಕಾಗುತ್ತದೆ. ಅಷ್ಟರಲ್ಲಿ ಬೇಳೆ ಅಂಟಂಟಾಗಿ ತಳ ಹಿಡಿದಿರುತ್ತದೆ. ಇರುವುದು ಜೋನಿ ಮಾತ್ರ ಎಂದಾದರೆ ಬೇಳೆ ಸೇರಿಸುವ ಮೊದಲು ಅದನ್ನು ಸೋಸಿ, ಒಂದನ್ನೇ ಕಾಯಿಸಿ. ತಣ್ಣೀರಿಗೆ ಹನಿ ಬಿಟ್ಟಾಗ ಕರಗದೆ ಮೆತ್ತನೆಯ ಉಂಡೆಯಾಗಿ ಬೆರಳಿಗೆ ಸಿಗುವ ಹದಕ್ಕೆ ಬಂದ ಮೇಲೆ ಬೇಳೆ ಹಾಕಿ. ಉಳಿದ ಜೋನಿಯನ್ನು ಬಿಸಿ ಹೋಳಿಗೆಗೆ ತುಪ್ಪದ ಜೊತೆ ನೆಂಚಿಕೊಳ್ಳಲು ಇಡಿ, ಅದಕ್ಕಿಂತ ಒಳ್ಳೆಯ ಉಪಯೋಗ ಇಲ್ಲ.

ಹದಿನಾರು ಹೋಳಿಗೆಗೆ ಬೇಕಾದದ್ದು: ಕಡಲೆಬೇಳೆ 250 ಗ್ರಾಂ, ಅಚ್ಚುಬೆಲ್ಲ 225 ಗ್ರಾಂ, ಏಲಕ್ಕಿ ಆರು, ಕಣಕಕ್ಕೆ ಮೈದಾ ಅಥವಾ ಚಿರೋಟಿ ರವೆ 250 ಗ್ರಾಂ, ಚಿಟಿಕೆ ಅರಿಶಿನ, ಚಿಟಿಕೆ ಉಪ್ಪು, ಎಣ್ಣೆ ನಾಲ್ಕು ದೊಡ್ಡ ಚಮಚ, ನೀರು ಸುಮಾರು 150 ಮಿಲಿ.

ಕಣಕ ಮೊದಲು. ಚಪಾತಿ ಹಿಟ್ಟಿಗಿಂತ ಮೆತ್ತಗೆ, ಬೆರಳಿಗೆ ಸ್ವಲ್ಪ ಅಂಟುವಷ್ಟು ಕಲಸಿ, ಎಣ್ಣೆಯನ್ನು ಚಮಚ ಚಮಚವಾಗಿ ಹಾಕುತ್ತ ಹತ್ತು ನಿಮಿಷ ನಾದಿ, ಮುಚ್ಚಿ ಎರಡು ಗಂಟೆ ಬಿಡಿ. ಎಳೆದರೆ ಹರಿಯದೆ ಜಗ್ಗಬೇಕು. ಎರಡು ಗಂಟೆ ಕಾಯದೆ ಅರ್ಧ ಗಂಟೆಗೇ ತಟ್ಟಲು ಕೂತರೆ ಕಣಕ ಹಿಂದಕ್ಕೆ ಸೆಳೆಯುತ್ತದೆ, ಅಂಚು ದಪ್ಪ ಉಳಿದು ನಡು ಒಡೆಯುತ್ತದೆ.

ಬೇಳೆಯನ್ನು ಒಂದು ಗಂಟೆ ನೆನೆಸಿ, ತೆರೆದ ಪಾತ್ರೆಯಲ್ಲಿ ಒಂದು ಚಮಚ ಎಣ್ಣೆ ಹಾಕಿ ಬೇಯಿಸಿ. ಇಪ್ಪತ್ತೈದು-ಮೂವತ್ತು ನಿಮಿಷ ಬೇಕಾದೀತು. ಎರಡು ಬೆರಳ ನಡುವೆ ಒತ್ತಿದರೆ ಪುಡಿಯಾಗಬೇಕು, ಆದರೆ ಪಾತ್ರೆಯಲ್ಲಿ ಕಾಳು ಕಾಳಾಗಿಯೇ ಇರಬೇಕು. ಕುಕ್ಕರಿನಲ್ಲಿ ಒಂದು ಸೀಟಿ ಹೆಚ್ಚಾದರೂ ಬೇಳೆ ಕರಗಿ ನೀರು ಹಿಡಿಯುತ್ತದೆ. ಹೂರಣ ತೆಳ್ಳಗಾಗುವುದಕ್ಕೆ ಜೋನಿ ಬಿಟ್ಟರೆ ಇದೇ ಕಾರಣ. ಬೆಂದ ಬೇಳೆಯನ್ನು ತೂತಿನ ಪಾತ್ರೆಗೆ ಸುರಿದು ಕಾಲು ಗಂಟೆ ಬಸಿಯಲು ಬಿಡಿ. ಬಸಿದ ಕಟ್ಟನ್ನು ಚೆಲ್ಲಬೇಡಿ, ಮಧ್ಯಾಹ್ನದ ಸಾರಿಗೆ ಅದೇ ಜೀವಾಳ.

ಬೇಳೆಗೆ ಬೆಲ್ಲ ಹಾಕಿದ ಕೂಡಲೇ ಎಲ್ಲ ನೀರಾಗುತ್ತದೆ. ಹೆದರಬೇಡಿ, ಅದು ಬೆಲ್ಲ ಕರಗಿದ್ದು. ಸಣ್ಣ ಉರಿಯಲ್ಲಿ ಮಗುಚುತ್ತಿರಿ, ಸಟ್ಟುಗ ನೆಟ್ಟಗೆ ನಿಂತರೆ ಇಳಿಸಿ. ಬಿಸಿ ಇರುವಾಗಲೇ ನೀರು ಸೋಕಿಸದೆ ನುಣ್ಣಗೆ ರುಬ್ಬಿ. ತಣಿದ ಮೇಲೆ ರುಬ್ಬಿದರೆ ಮಿಕ್ಸಿ ತಿರುಗುವುದಿಲ್ಲ, ಆಗ ಎಲ್ಲರೂ ಮಾಡುವ ತಪ್ಪು ನೀರು ಹಾಕುವುದು. ಒಂದು ಬೇಳೆ ಇಡಿಯಾಗಿ ಉಳಿದರೂ ತಟ್ಟುವಾಗ ಅದು ಕಣಕ ಹರಿದು ಹೊರಗೆ ಇಣುಕುತ್ತದೆ. ಮಕ್ಕಳು ಮಾಡಿದ ಹೋಳಿಗೆ ಒಡೆಯುವುದು ಹೆಚ್ಚಾಗಿ ಇದರಿಂದ, ಅವರ ಕೈಯ ತಪ್ಪಿನಿಂದ ಅಲ್ಲ.

ಇನ್ನು ಕೆಲಸ ಹಂಚಿಕೆ. ಕಣಕ ದೊಡ್ಡ ನೆಲ್ಲಿಕಾಯಿಯಷ್ಟು, ಹೂರಣ ಲಿಂಬೆಹಣ್ಣಿನಷ್ಟು. ತೂಗುವುದಾದರೆ 25 ಮತ್ತು 40 ಗ್ರಾಂ. ನಾಲ್ಕು ವರ್ಷದ ಮಗು ಹೂರಣದ ಉಂಡೆ ಕಟ್ಟಲಿ, ಹದಿನಾರು ಎಣಿಸಲಿ. ಏಳೆಂಟು ವರ್ಷದವರು ಕಣಕದ ಬಟ್ಟಲು ಮಾಡಿ ಉಂಡೆ ಇಟ್ಟು ಬಾಯಿ ಮುಚ್ಚಲಿ. ಮುಚ್ಚಿದ ಬದಿ ಕೆಳಗೆ ಬರಬೇಕು, ಇದನ್ನು ಮೂರು ಸಲ ಹೇಳಬೇಕಾಗುತ್ತದೆ. ಹತ್ತು ದಾಟಿದವರು ಎಣ್ಣೆ ಸವರಿದ ಬಾಳೆಎಲೆಯ ಮೇಲೆ ನಡುವಿನಿಂದ ಅಂಚಿಗೆ ಬೆರಳಲ್ಲಿ ತಟ್ಟಲಿ. ಕಾವಲಿ ಮಾತ್ರ ದೊಡ್ಡವರದು. ಮಕ್ಕಳಿಗೆಂದು ಅರ್ಧ ಅಳತೆಯ ನಾಲ್ಕೈದು ಸಣ್ಣ ಹೋಳಿಗೆ ಬೇರೆಯೇ ಇರಲಿ. ಸಣ್ಣದು ಒಡೆಯುವುದು ಕಡಿಮೆ, ಮಗುಚುವುದೂ ಸುಲಭ. ಹೂರಣ ಕೊನೆಗೂ ತೆಳ್ಳಗಿದ್ದರೆ ಅಗಲ ಬಾಣಲೆಯಲ್ಲಿ ಹರಡಿ ಸಣ್ಣ ಉರಿಯಲ್ಲಿ ಮತ್ತೆ ಆರಿಸಿ. ಹುರಿಗಡಲೆ ಪುಡಿ ಹಾಕಿದರೂ ಗಟ್ಟಿಯಾಗುತ್ತದೆ, ಆದರೆ ರುಚಿ ಒಣಕಲು.

ಪ್ರಶ್ನೆ: "ಅಜ್ಜ, ಹ್ಯಾಪಿ ನ್ಯೂ ಇಯರ್ ಜನವರಿ ಒಂದಕ್ಕೇ ಬರ್ತದೆ, ಯುಗಾದಿ ಯಾಕೆ ಓಡಾಡ್ತದೆ?" ಎಂದು ಎಂಟು ವರ್ಷದ ಮೊಮ್ಮಗ ಕೇಳುತ್ತಾನೆ. ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳುವುದು ಹೇಗೆ? ಪಂಚಾಂಗ ಶ್ರವಣ ಮಾಡಿದರೆ ಅವನು ಎದ್ದು ಹೋಗುತ್ತಾನೆ.
– ಅಂಕೋಲಾದ ನಿವೃತ್ತ ಶಿಕ್ಷಕರು

ಲೆಕ್ಕ ಅವನ ಕೈಯಲ್ಲೇ ಮಾಡಿಸಿ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ಸಲ ಅಂದರೆ 354. ಸೂರ್ಯನ ವರ್ಷ 365. ಹಾಗಾಗಿ ಯುಗಾದಿ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಹೀಗೇ ಬಿಟ್ಟರೆ ಯುಗಾದಿ ಚಳಿಗಾಲಕ್ಕೆ ಹೋಗಿಬಿಡುತ್ತದಲ್ಲ! ಅದಕ್ಕೇ ಎರಡೂವರೆ-ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸುತ್ತಾರೆ. 2026ರ ಮೇ-ಜೂನ್‌ನಲ್ಲಿ ಬರುವುದು ಅಧಿಕ ಜ್ಯೇಷ್ಠ. ಆದ್ದರಿಂದ 2027ರ ಯುಗಾದಿ ಮುಂದಕ್ಕೆ ಜಿಗಿದು ಏಪ್ರಿಲ್ 7ಕ್ಕೆ ನಿಲ್ಲುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಅಮಾವಾಸ್ಯೆಗೆ ಕಪ್ಪು ಚುಕ್ಕೆ ಇಡುವ ಕೆಲಸ ಅವನಿಗೆ ಕೊಡಿ.

ಪಂಚಾಂಗವನ್ನು ಪೂರ್ತಿ ಓದುವುದೇಕೆ? ಬಗ್ಗೋಣ ಪಂಚಾಂಗ ಮನೆಯಲ್ಲಿ ಇದ್ದೇ ಇರುತ್ತದೆ. ಅವನದೇ ಸಂವತ್ಸರ ಹುಡುಕಿಸಿ. ಹುಟ್ಟಿದ ಇಸವಿಯಿಂದ 1986 ಕಳೆದರೆ ಅರವತ್ತು ಸಂವತ್ಸರಗಳಲ್ಲಿ ಅವನದು ಎಷ್ಟನೆಯದೆಂದು ಸಿಗುತ್ತದೆ. 2018ರ ಜೂನ್‌ನಲ್ಲಿ ಹುಟ್ಟಿದವನಿಗೆ 32, ಅಂದರೆ ವಿಲಂಬಿ. ಆ ವರ್ಷದ ಯುಗಾದಿಗಿಂತ ಮೊದಲು ಹುಟ್ಟಿದ್ದರೆ ಇನ್ನೊಂದು ಕಳೆಯಬೇಕು, ಹೇವಿಳಂಬಿ ಬರುತ್ತದೆ. ಮಕ್ಕಳು ತಪ್ಪುವುದು ಇಲ್ಲೇ. 1987ಕ್ಕಿಂತ ಮೊದಲು ಹುಟ್ಟಿದ ಅಪ್ಪ-ಅಮ್ಮ, ಅಜ್ಜ-ಅಜ್ಜಿಯರಿಗೆ 1986ರ ಬದಲು 1926 ಕಳೆಯಲಿ. 1966ರ ಯುಗಾದಿಯ ನಂತರ ಹುಟ್ಟಿದವರಿಗೆ 40, ಪರಾಭವ. 2026ರಲ್ಲಿ ಶುರುವಾಗುವುದೂ ಪರಾಭವವೇ, ಶಾಲಿವಾಹನ ಶಕ 1948. ಅಜ್ಜನ ಸಂವತ್ಸರ ಅರವತ್ತು ವರ್ಷ ಸುತ್ತಿ ಮರಳಿ ಬಂದದ್ದನ್ನು ಹುಡುಗ ತಾನೇ ಕಂಡುಹಿಡಿದರೆ ಎದ್ದು ಹೋಗುವುದಿಲ್ಲ. ಮನೆಯ ಎಲ್ಲರ ಸಂವತ್ಸರ, ಜನ್ಮನಕ್ಷತ್ರ ಒಂದು ಹಾಳೆಯಲ್ಲಿ ಅವನೇ ಬರೆಯಲಿ. ಮಳೆ-ಬೆಳೆಯ ಫಲ ಎರಡೇ ಸಾಲು ಓದಿ ಸಾಕು ಮಾಡಿ.

ಪ್ರಶ್ನೆ: ನಮ್ಮದು ಸಂಸಾರ ಪಾಡವೊ, ಕೊಂಕಣಿಗರ ಯುಗಾದಿ. ಊರ ಮನೆಯಲ್ಲಿ ಅಂಗಳದಲ್ಲಿ ಗುಡಿ (ತುದಿಗೆ ಬಟ್ಟೆ ಕಟ್ಟಿ ತಂಬಿಗೆ ಬೋರಲು ಹಾಕಿದ ಕೋಲು) ಏರಿಸುತ್ತಿದ್ದೆವು. ಈಗ ಮಗನ ಜೊತೆ ಕಾರವಾರದ ಫ್ಲ್ಯಾಟಿನ ಮೂರನೇ ಮಹಡಿಯಲ್ಲಿದ್ದೇವೆ. ಮೊಮ್ಮಕ್ಕಳಿಗೆ ಗುಡಿ ಕಟ್ಟುವುದು ಕಲಿಸಬೇಕು. ಹೋದ ಸಲ ಗಾಳಿಗೆ ತಂಬಿಗೆ ಬಿತ್ತು.
– ಕಾರವಾರದ ಓದುಗರು

ಮೂರನೇ ಮಹಡಿಯಿಂದ ತಾಮ್ರದ ತಂಬಿಗೆ ಬೀಳುವುದು ಸಣ್ಣ ಮಾತಲ್ಲ. ಬಿದಿರಿನ ತುದಿ ತಂಬಿಗೆಯ ಬಾಯಿಗಿಂತ ಬಹಳ ಸಪೂರ ಇದ್ದರೆ ಹಾಗಾಗುತ್ತದೆ. ಬಾಲ್ಕನಿಗೆ ನಾಲ್ಕು ಅಡಿ ಕೋಲು ಸಾಕು. ತೊಳೆದು ಅರಿಶಿನ-ಕುಂಕುಮ ಹಚ್ಚಿ. ರೇಷ್ಮೆ ಬಟ್ಟೆ ಅಥವಾ ಹೊಸ ಖಣವನ್ನು ಮಕ್ಕಳು ನೆರಿಗೆ ಹಿಡಿಯಲಿ, ನೀವು ಕೋಲಿನ ತುದಿಯಿಂದ ನಾಲ್ಕು ಬೆರಳು ಕೆಳಗೆ ಬಿಗಿದು ಕಟ್ಟಿ. ಬೇವಿನ ಕುಡಿ, ಮಾವಿನ ಎಲೆ, ಹೂಮಾಲೆ, ಸಕ್ಕರೆ ಸರ ಅದೇ ಗಂಟಿಗೆ. ಆಮೇಲೆ ಕೋಲಿನ ತುದಿಗೆ ಹತ್ತಿ ಬಟ್ಟೆಯ ಪಟ್ಟಿ ಸುತ್ತಿ, ತಂಬಿಗೆ ಬೋರಲು ಹಾಕಿ ತಿರುವಿದರೆ ಬಿಗಿಯಾಗಿ ಕೂರುವಷ್ಟು ದಪ್ಪ ಮಾಡಿ. ಜೊತೆಗೆ ತಂಬಿಗೆಯ ಕುತ್ತಿಗೆಯಿಂದ ಕೋಲಿಗೆ ಒಂದು ದಾರ ಬಿಗಿಯಿರಿ.

ಗ್ರಿಲ್ಲಿಗೆ ಕಟ್ಟುವಾಗ ಎರಡು ಕಡೆ ಕಟ್ಟಿ, ನಡುವೆ ಕನಿಷ್ಠ ಎರಡು ಅಡಿ ಅಂತರ ಇರಲಿ. ಒಂದೇ ಕಟ್ಟಾದರೆ ಕೋಲು ಅಲ್ಲೇ ತಿರುಗುತ್ತದೆ. ಕಡಲ ಗಾಳಿ ಜೋರಾಗುವುದು ಮಧ್ಯಾಹ್ನದ ಹೊತ್ತಿಗೆ, ಬೆಳಿಗ್ಗೆ ಗಟ್ಟಿ ಇದೆ ಎಂದು ಕಂಡದ್ದು ಆಗ ಅಲುಗಾಡುತ್ತದೆ. ಹನ್ನೊಂದಕ್ಕೆ ಒಮ್ಮೆ ನೋಡಿ. ತಂಬಿಗೆ ಗ್ರಿಲ್ಲಿನ ಒಳಬದಿಯಲ್ಲೇ ಇರಲಿ, ಕರೆಂಟ್ ತಂತಿಯ ದಿಕ್ಕಿಗೆ ಕೋಲು ಚಾಚಬೇಡಿ. ಮಕ್ಕಳನ್ನು ಸ್ಟೂಲಿನ ಮೇಲೆ ಹತ್ತಿಸಿ ಕಟ್ಟಿಸುವುದು ಬಾಲ್ಕನಿಯಲ್ಲಿ ಬೇಡ. ಎಲ್ಲ ಅಲಂಕಾರ ಒಳಗೆ ಚಾಪೆಯ ಮೇಲೆ ಮುಗಿಸಿ ಹೊರಗೆ ತನ್ನಿ. ಸೂರ್ಯ ಮುಳುಗುವ ಮೊದಲು ಗುಡಿ ಇಳಿಸಬೇಕಲ್ಲ, ಆಗ ಸಕ್ಕರೆ ಸರ ಮಕ್ಕಳಿಗೆ. ಕಾರವಾರದ ತೇವಕ್ಕೆ ಆ ಸರ ಮುಂಚಿನ ದಿನವೇ ಬೆವರುತ್ತದೆ, ಗಾಳಿ ಆಡದ ಡಬ್ಬಿಯಲ್ಲಿಟ್ಟು ಬೆಳಿಗ್ಗೆಯೇ ತೆಗೆಯಿರಿ.

ಪ್ರಶ್ನೆ: ಎರಡು ವರ್ಷದ ಮೊಮ್ಮಗಳಿಗೆ ಎಣ್ಣೆ ನೀರು ಹಾಕುವುದೆಂದರೆ ಮನೆಯೇ ರಣರಂಗ. ಬಿಟ್ಟುಬಿಡಬೇಕೇ?
– ಹೊನ್ನಾವರದ ಓದುಗರು

ನೆಗಡಿ, ಜ್ವರ ಇದ್ದರೆ ಬಿಡಿ. ಇಲ್ಲದಿದ್ದರೆ ವಿಧಾನ ಬದಲಿಸಿ. ಅತ್ತದ್ದು ಎಣ್ಣೆಗಲ್ಲ, ಕಣ್ಣಿಗೆ ಹೋದ ಸೀಗೆಗೆ. ಎರಡು ವರ್ಷದ ಮಗುವಿಗೆ ಸೀಗೆಪುಡಿ ಬೇಡವೇ ಬೇಡ, ಹೆಸರು ಹಿಟ್ಟು ಅಥವಾ ದಾಸವಾಳದ ಎಲೆಯ ಲೋಳೆ ಸಾಕು. ದಾಸವಾಳದ ಎಂಟು-ಹತ್ತು ಎಲೆಯನ್ನು ಒಂದು ಲೋಟ ನೀರಲ್ಲಿ ಕಿವುಚಿ ಸೋಸಿದರಾಯಿತು. ಎರಡು ಚಮಚ ಕೊಬ್ಬರಿ ಎಣ್ಣೆಯನ್ನು ಬಟ್ಟಲಲ್ಲಿಟ್ಟು ಬಿಸಿನೀರಿನ ಮೇಲೆ ಬೆಚ್ಚಗೆ ಮಾಡಿ. ರಂಗೋಲಿ ಹಾಕಿದ ಮಣೆಯ ಮೇಲೆ ಮೊದಲು ಅವಳ ಅಪ್ಪನನ್ನೋ ಅಣ್ಣನನ್ನೋ ಕೂರಿಸಿ, ಗರಿಕೆಯಲ್ಲಿ ಎಣ್ಣೆ ಮುಟ್ಟಿಸಿ ಆರತಿ ಮಾಡಿ. ನೋಡಿದ ಮೇಲೆ ತಾನೇ ಬಂದು ಕೂರುವ ಮಕ್ಕಳೇ ಹೆಚ್ಚು. ಕಿವಿಗೆ, ಮೂಗಿಗೆ ಎಣ್ಣೆ ಹನಿಸಬೇಡಿ. ಹದಿನೈದು ನಿಮಿಷ ನೆನೆದರೆ ಸಾಕು.

ಬಚ್ಚಲಲ್ಲಿ ಎರಡು ಎಚ್ಚರ. ಬಕೆಟ್ಟಿಗೆ ತಣ್ಣೀರು ಮೊದಲು, ಆಮೇಲೆ ಹಂಡೆಯ ಬಿಸಿನೀರು. ಉಲ್ಟಾ ಮಾಡಿದರೆ ಬರೀ ಕುದಿನೀರಿರುವ ಬಕೆಟ್ಟಿಗೆ ಮಗು ಕೈ ಅದ್ದುವ ಹೊತ್ತು ಬಂದೇ ಬರುತ್ತದೆ. ಹದವನ್ನು ಬೆರಳಲ್ಲಲ್ಲ, ಮೊಣಕೈಯಲ್ಲಿ ನೋಡಿ. ಎಣ್ಣೆ ಬಿದ್ದ ಕಲ್ಲಿನ ಮೇಲೆ ಹಳೆ ಗೋಣಿ ಹಾಸಿ, ಜಾರಿ ಬೀಳುವುದು ಮಕ್ಕಳಿಗಿಂತ ಅಜ್ಜಿಯರೇ ಹೆಚ್ಚು.

ಪ್ರಶ್ನೆ: ಮೊಮ್ಮಕ್ಕಳು ಕಟ್ಟಿದ ಮಾವಿನ ತೋರಣ ಮಧ್ಯಾಹ್ನಕ್ಕೇ ಬಾಡಿತು. ಒಬ್ಬನ ಕೆನ್ನೆ ಮೇಲೆ ಕಪ್ಪು ಕಲೆ ಬೇರೆ.
– ಯಲ್ಲಾಪುರದ ಓದುಗರು

ಕಲೆ ಮಾವಿನ ಸೊನೆಯದು, ಅದು ಚರ್ಮ ಸುಡುತ್ತದೆ. ತಾಗಿದ ಕೂಡಲೇ ಸಾಬೂನು ಹಾಕಿ ತೊಳೆಯಬೇಕು. ಟೊಂಗೆ ಮುರಿಯುವುದು ದೊಡ್ಡವರ ಕೆಲಸ. ತಂದದ್ದನ್ನು ಬಕೆಟ್ಟಿನ ನೀರಲ್ಲಿ ಹತ್ತು ನಿಮಿಷ ಮುಳುಗಿಸಿದರೆ ಸೊನೆಯೂ ಹೋಗುತ್ತದೆ, ಚಗಳಿ ಇರುವೆಯೂ ಹೋಗುತ್ತದೆ. ಚೆಂದ ಎಂದು ಕೆಂಪು ಚಿಗುರೆಲೆ ಆರಿಸಿದ್ದರೆ ಮಧ್ಯಾಹ್ನಕ್ಕೆ ಬಾಡದೆ ಏನಾದೀತು? ಕಡು ಹಸಿರು ಬಲಿತ ಎಲೆ ಎರಡು-ಮೂರು ದಿನ ನಿಲ್ಲುತ್ತದೆ. ಮೂರೂವರೆ ಅಡಿ ಬಾಗಿಲಿಗೆ ನಾಲ್ಕು ಬೆರಳು ಅಂತರದಲ್ಲಿ ಹದಿಮೂರು ಎಲೆ ಬೇಕು. ಬಾಳೆ ನಾರನ್ನು ಒದ್ದೆ ಮಾಡಿ ಎಳೆಯಿರಿ, ಎಲೆಯ ತೊಟ್ಟಿನ ಬದಿಯನ್ನು ನಾರಿನ ಮೇಲೆ ಮಡಚಿ ತೆಂಗಿನ ಹಿಡಿಕಡ್ಡಿಯ ಒಂದಿಂಚಿನ ತುಂಡು ಚುಚ್ಚಿ. ಸ್ಟೇಪ್ಲರ್ ಪಿನ್ನು ಬೇಡ, ತೋರಣ ಕೊನೆಗೆ ಹೋಗುವುದು ದನದ ಬಾಯಿಗೆ ಅಥವಾ ಗೊಬ್ಬರದ ಗುಂಡಿಗೆ.

ಪ್ರಶ್ನೆ: ಚಂದ್ರನನ್ನು ತೋರಿಸಲು ಯುಗಾದಿ ಸಂಜೆ ಮಕ್ಕಳನ್ನು ಕರೆದುಕೊಂಡು ನಿಂತರೆ ಏನೂ ಕಾಣಲಿಲ್ಲ.
– ಸಿದ್ದಾಪುರದ ಓದುಗರು

ನೀವು ಒಂದು ದಿನ ಮೊದಲೇ ನಿಂತಿದ್ದಿರಿ. ಪಾಡ್ಯದ ಸಂಜೆ ಚಂದ್ರ ಸೂರ್ಯನಿಗೆ ತೀರ ಹತ್ತಿರ, ಕಾಣುವುದಿಲ್ಲ. ಬಿದಿಗೆಯ ಸಂಜೆ ನೋಡುವುದೇ ಪದ್ಧತಿ. 2026ರಲ್ಲಿ ಅದು ಮಾರ್ಚ್ 20. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಆಗ ಸೂರ್ಯ ಮುಳುಗುವುದು 6:45ರ ಸುಮಾರಿಗೆ, ಇಪ್ಪತ್ತು ನಿಮಿಷ ಬಿಟ್ಟು ಮುಳುಗಿದ ಜಾಗದ ಮೇಲ್ಗಡೆ ಹುಡುಕಿ. ಈ ಕಾಲದ ಬಿದಿಗೆ ಚಂದ್ರ ದೋಣಿಯ ಹಾಗೆ ಮಲಗಿರುತ್ತಾನೆ, ಎರಡೂ ಕೊಂಬು ಮೇಲಕ್ಕೆ. ಕರಾವಳಿಯವರಿಗೆ ಪಶ್ಚಿಮಕ್ಕೆ ಬರೀ ಕಡಲು, ಪುಣ್ಯವಂತರು. ಅಡಿಕೆ ತೋಟದ ತಗ್ಗಿನಲ್ಲಿರುವವರು ಬೇಣಕ್ಕೋ ಗುಡ್ಡದ ನೆತ್ತಿಗೋ ಹತ್ತಬೇಕು. ದುರ್ಬೀನು ಇದ್ದರೆ ಸೂರ್ಯ ಪೂರ್ತಿ ಮುಳುಗಿದ ಮೇಲೆಯೇ ಮಕ್ಕಳ ಕೈಗೆ ಕೊಡಿ.

ಪ್ರಶ್ನೆ: ಬೆಂಗಳೂರಿನ ಮೊಮ್ಮಕ್ಕಳಿಗೆ ಯುಗಾದಿಯ ಹೊತ್ತಿಗೆ ಪರೀಕ್ಷೆ. ಬರುವುದೇ ಇಲ್ಲ.
– ಭಟ್ಕಳದ ಓದುಗರು

ರಾಮನವಮಿಗೆ ಕರೆಯಿರಿ, ಎಂಟು ದಿನ ಸಿಗುತ್ತದೆ. ಒಲೆಯ ಗೋಜಿಲ್ಲದ ಹಬ್ಬ ಅದು, ಮಕ್ಕಳೇ ಎಲ್ಲ ಮಾಡಬಹುದು. ಪಾನಕಕ್ಕೆ ಒಂದು ಲೀಟರ್ ನೀರು, 150 ಗ್ರಾಂ ಬೆಲ್ಲ, ಒಂದಿಂಚು ಶುಂಠಿ, ಏಲಕ್ಕಿ ನಾಲ್ಕು, ಕಾಳುಮೆಣಸು ಐದು, ಒಂದು ಲಿಂಬೆ. ಬೆಲ್ಲ ಕರಗಿಸಿ ಸೋಸಿದ ಮೇಲೆಯೇ ಉಳಿದದ್ದು ಹಾಕಿ, ಲಿಂಬೆ ಎಲ್ಲಕ್ಕಿಂತ ಕೊನೆಗೆ. ಲಿಂಬೆಯ ಬದಲು ಒಣ ಮುರುಗಲು (ಕೋಕಂ) ಸಿಪ್ಪೆ ಹತ್ತು ಚೂರನ್ನು ಒಂದು ಗಂಟೆ ನೆನೆಸಿ ಹಿಂಡಿದರೆ ಬಣ್ಣವೂ ಬರುತ್ತದೆ. ಕೋಸಂಬರಿಗೆ ಹೆಸರುಬೇಳೆ ಒಂದು ಗಂಟೆ ನೆನೆದರೆ ಸಾಕು. ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ. ನಾಲ್ಕು ವರ್ಷದೊಳಗಿನವರ ತಟ್ಟೆಗೆ ಇಡೀ ಗೋಡಂಬಿ, ಕಡಲೆಕಾಯಿ ಬೀಳದಂತೆ ನೋಡಿಕೊಳ್ಳಿ, ಗಂಟಲಲ್ಲಿ ಸಿಕ್ಕಿಕೊಳ್ಳುವುದು ಅವೇ.